ಗೋಡೆಯಾಚೆಯ ಹಾಡು: ಅರ್ಧ ಮೂಕಿ, ಅರ್ಧ ಟಾಕಿಯಾದ ಒಂದು ಪ್ರೇಮಕಥೆ

ಸಿನಿಮಾ ಶುರುವಾಗಿ ಸಾಕಷ್ಟು ಹೊತ್ತಾಗಿದೆ. ಅಷ್ಟು ಹೊತ್ತೂ ಯಾರೂ ಒಂದು ಮಾತಾಡಿಲ್ಲ. ತುಟಿಗಳು ಆಡಿವೆ, ಸಂಗೀತ ಹರಿದಿದೆ, ಆಗೊಮ್ಮೆ ಈಗೊಮ್ಮೆ ಬರಹದ ಫಲಕ ಬಂದು ಹೋಗಿದೆ. ಈಗ ಕಡಲ ತೀರದಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ. ಸುತ್ತಲೂ ಕಾಲಿಡಲು ಜಾಗವಿಲ್ಲದಷ್ಟು ಜನ. ಇದ್ದಕ್ಕಿದ್ದಂತೆ ಆ ಜನರೆಲ್ಲ ಮಾಯ! ಹಿಂದೆ ಖಾಲಿ ಹಿನ್ನೆಲೆ ಬಿಟ್ಟರೆ ಏನೂ ಇಲ್ಲ. ಅಲ್ಲಿಯವರೆಗೆ ಜನರ ನಡುವೆ ನುಸುಳಿ ಓಡಾಡುತ್ತಿದ್ದ ಕ್ಯಾಮೆರಾ ನೆಟ್ಟ ಕಂಬದಂತೆ ನಿಂತುಬಿಡುತ್ತದೆ. ಇಬ್ಬರೂ ಬಾಯಿ ತೆರೆಯುತ್ತಾರೆ, ಮಾತು ಕೇಳಿಸುತ್ತದೆ. ಶಾಲಾ ವಾರ್ಷಿಕೋತ್ಸವದಲ್ಲಿ ಮಕ್ಕಳು ಬಾಯಿಪಾಠ ಒಪ್ಪಿಸುವ ಹಾಗೆ, ಒಬ್ಬರದು ಮುಗಿದ ಮೇಲೆ ಇನ್ನೊಬ್ಬರದು. ಎರಡು ಮೂರು ನಿಮಿಷ ಕಳೆದರೆ ಮಾತು ನಿಲ್ಲುತ್ತದೆ, ಜನಸಾಗರ ಮರಳಿ ಬರುತ್ತದೆ, ಕ್ಯಾಮೆರಾಕ್ಕೆ ಮತ್ತೆ ಕಾಲು ಮೂಡುತ್ತದೆ.

ಚಿತ್ರದ ಹೆಸರು ‘ಲೋನ್ಸಮ್’. ‘ಒಂಟಿ’ ಎಂದುಕೊಳ್ಳಿ. 1928ರಲ್ಲಿ ಅಮೆರಿಕದ ಯೂನಿವರ್ಸಲ್ ಕಂಪನಿ ತಯಾರಿಸಿದ 69 ನಿಮಿಷಗಳ ಚಿತ್ರ. ನಿರ್ದೇಶಕ ಹಂಗೇರಿಯಿಂದ ಬಂದ ಪಾಲ್ ಫೆಯೋಶ್. ಮೊದಲ ಸಲ ನೋಡಿದಾಗ ಆ ಮಾತಿನ ತುಣುಕು ಬಂದೊಡನೆ ನನಗೆ ನಗು ಬಂದಿತ್ತು. ಎರಡನೆಯ ಸಲ ನೋಡಿದಾಗ ಇಡೀ ಚಿತ್ರದಲ್ಲಿ ಅತಿ ಹೆಚ್ಚು ಕಲಿಸುವ ಭಾಗ ಅದೇ ಎನ್ನಿಸಿತು. ಕೌದಿಯಲ್ಲಿ ಎರಡು ಬೇರೆ ಬೇರೆ ಬಟ್ಟೆಗಳು ಕೂಡುವಲ್ಲಿ ಹೊಲಿಗೆ ಎದ್ದು ಕಾಣುತ್ತದಲ್ಲ, ಹಾಗೆ ಇಲ್ಲಿ ಮೂಕಿ ಮತ್ತು ಟಾಕಿ ಕೂಡಿದ ಹೊಲಿಗೆ ಬರಿಗಣ್ಣಿಗೆ ಕಾಣುತ್ತದೆ. ಮೂಕಿ ಸತ್ತಿತು, ಟಾಕಿ ಹುಟ್ಟಿತು ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ನಿಜದಲ್ಲಿ ಎರಡೂ ಕೆಲಕಾಲ ಒಂದೇ ರೀಲಿನೊಳಗೆ, ಒಂದಕ್ಕೊಂದು ಒಗ್ಗದೆ ಸಂಸಾರ ಮಾಡಿದವು.

ಕಥೆ ಬಹಳ ಸಣ್ಣದು. ನ್ಯೂಯಾರ್ಕ್‌ನಲ್ಲಿ ಜುಲೈ 4ರ ಸ್ವಾತಂತ್ರ್ಯೋತ್ಸವಕ್ಕೆ ಮುಂಚಿನ ಶನಿವಾರ. ಮೇರಿ ಟೆಲಿಫೋನ್ ಆಪರೇಟರ್, ಜಿಮ್ ಕಾರ್ಖಾನೆಯಲ್ಲಿ ಪ್ರೆಸ್ ಯಂತ್ರದ ಮುಂದೆ ನಿಲ್ಲುವವನು. ಅರ್ಧ ದಿನದ ಕೆಲಸ ಮುಗಿದೊಡನೆ ಜೊತೆಯವರೆಲ್ಲ ಜೋಡಿಜೋಡಿಯಾಗಿ ಹೊರಟರೆ ಇವರಿಬ್ಬರು ತಮ್ಮ ತಮ್ಮ ಬಾಡಿಗೆ ಕೋಣೆಗೆ ಮರಳುತ್ತಾರೆ. ಬೇಸರ ತಾಳಲಾರದೆ ಬೇರೆ ಬೇರೆಯಾಗಿಯೇ ಕೋನಿ ಐಲ್ಯಾಂಡ್ ಎಂಬ ಕಡಲ ತೀರದ ಜಾತ್ರೆಗೆ ಹೋಗುತ್ತಾರೆ. ದಾರಿಯಲ್ಲಿ ಕಣ್ಣು ಕಣ್ಣು ಕಲೆಯುತ್ತದೆ. ಸಂಜೆಯ ಹೊತ್ತಿಗೆ ಪ್ರೀತಿ. ರಾತ್ರಿ ರೋಲರ್ ಕೋಸ್ಟರ್ ಹತ್ತುವಾಗ ಜನರ ನೂಕುನುಗ್ಗಲಲ್ಲಿ ಬೇರೆ ಬೇರೆ ಗಾಡಿಗೆ ಬೀಳುತ್ತಾರೆ. ಅವಳ ಗಾಡಿಯ ಚಕ್ರಕ್ಕೆ ಬೆಂಕಿ ಹತ್ತುತ್ತದೆ, ಅವಳು ಪ್ರಜ್ಞೆ ತಪ್ಪುತ್ತಾಳೆ. ಓಡಿ ಬರುವ ಅವನನ್ನು ಪೊಲೀಸರು ಹಿಡಿಯುತ್ತಾರೆ. ಬಿಡಿಸಿಕೊಂಡು ಬರುವಷ್ಟರಲ್ಲಿ ಅವಳಿಲ್ಲ. ಮೇಲೆ ಮಳೆ. ಒಬ್ಬರ ವಿಳಾಸ ಇನ್ನೊಬ್ಬರಿಗೆ ಗೊತ್ತಿಲ್ಲ. ಸೋತು ತಂತಮ್ಮ ಕೋಣೆಗೆ ಬರುತ್ತಾರೆ.

ಆ ಎರಡು ಕೋಣೆಗಳು ಒಂದೇ ಕಟ್ಟಡದಲ್ಲಿ, ಅಕ್ಕಪಕ್ಕದಲ್ಲೇ ಇವೆ. ನಡುವೆ ಒಂದೇ ಗೋಡೆ. ನಮ್ಮ ಹಳೆಯ ವಠಾರಗಳಲ್ಲಿ ಈ ಕಥೆ ನಡೆಯುತ್ತಲೇ ಇರಲಿಲ್ಲ. ಅಲ್ಲಿ ಪಕ್ಕದ ಮನೆಯ ಒಗ್ಗರಣೆಯ ಚಟಪಟದಿಂದಲೇ ಇವತ್ತು ಏನು ಸಾರು ಎಂದು ಹೇಳಿಬಿಡಬಹುದಿತ್ತು. ನ್ಯೂಯಾರ್ಕ್‌ನಲ್ಲಿ ಹಾಗಲ್ಲ ಎನ್ನುವುದೇ ಈ ಚಿತ್ರದ ದುಃಖ. ಗೋಡೆಯ ವಿಷಯಕ್ಕೆ ಕಡೆಗೆ ಬರುತ್ತೇನೆ.

ಮೊದಲು ಮೂಕಿಯ ಭಾಗ. ಮೂಕಿ ಎಂದರೆ ಏನೋ ಕೊರತೆ ಇರುವ ಸಿನಿಮಾ ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. 1928ರ ಹೊತ್ತಿಗೆ ಪರಿಸ್ಥಿತಿ ಅದಕ್ಕೆ ತಲೆಕೆಳಗು. ಮಾತಿಲ್ಲದೆ ಎಲ್ಲವನ್ನೂ ಹೇಳುವ ಕಲೆ ಮೂವತ್ತು ವರ್ಷ ಪಳಗಿ ಕೈಗೂಡಿತ್ತು. ಮೇರಿಯ ಕೆಲಸವನ್ನು ಈ ಚಿತ್ರ ತೋರಿಸುವ ಬಗೆ ನೋಡಿ. ಅವಳು ಸ್ವಿಚ್‌ಬೋರ್ಡಿನ ಮುಂದೆ ಕೂತು ತಂತಿ ಚುಚ್ಚುತ್ತಾಳೆ, ತೆಗೆಯುತ್ತಾಳೆ. ಅವಳ ಸುತ್ತ, ಅದೇ ಫ್ರೇಮಿನಲ್ಲಿ, ಫೋನ್ ಮಾಡಿದವರ ಮುಖಗಳು ಒಂದರ ಮೇಲೊಂದು ತೇಲಿ ಬರುತ್ತವೆ. ಜಿಮ್‌ನ ಯಂತ್ರ ಏರಿಳಿಯುತ್ತದೆ. ಇಬ್ಬರ ಮೇಲೂ ದೊಡ್ಡ ಗಡಿಯಾರದ ಮುಖ ಹರಡಿಕೊಂಡು ಮುಳ್ಳು ಸರಿಯುತ್ತಿರುತ್ತದೆ. ಒಂದು ಸದ್ದೂ ಬೇಕಿಲ್ಲ. ಗಲಾಟೆ ನಮ್ಮ ತಲೆಯೊಳಗೇ ಏಳುತ್ತದೆ. ಕಿವಿಗೆ ಬೀಳಬೇಕಾದದ್ದನ್ನು ಕಣ್ಣಿಗೆ ಕಾಣಿಸುವುದು ಮೂಕಿಯ ಕಸುಬು. ಅದರಲ್ಲಿ ಛಾಯಾಗ್ರಾಹಕ ಗಿಲ್ಬರ್ಟ್ ವಾರೆಂಟನ್ ನಿಸ್ಸೀಮ. ಕೋನಿ ಐಲ್ಯಾಂಡಿನ ರಾತ್ರಿಯ ದೀಪಗಳಿಗೆ ಫಿಲ್ಮಿನ ಮೇಲೆಯೇ ಬಣ್ಣ ಕೂರಿಸಿದ್ದಾರೆ. ಕಪ್ಪು ಬಿಳುಪಿನ ನಡುವೆ ಆ ಗುಲಾಬಿ, ಹಳದಿ ಹೊಳೆದಾಗ ಜಾತ್ರೆಯ ಸಂಭ್ರಮ ಕಣ್ಣಿಗೆ ಕಟ್ಟುತ್ತದೆ.

ಇದೆಲ್ಲ ಸಾಧ್ಯವಾದದ್ದು ಚಿತ್ರೀಕರಣದಲ್ಲಿ ಸದ್ದಿನ ಚಿಂತೆ ಇರಲಿಲ್ಲವಾದ್ದರಿಂದ. ಕ್ಯಾಮೆರಾ ಗಿರಗಿರ ಎನ್ನಲಿ, ದೀಪಗಳು ಗುಂಯ್‌ಗುಡಲಿ, ನಿರ್ದೇಶಕ ಶಾಟಿನ ನಡುವೆಯೇ ‘ಇನ್ನೂ ಸ್ವಲ್ಪ ಎಡಕ್ಕೆ, ಈಗ ನಗು’ ಎಂದು ಕೂಗಲಿ, ಅದು ಪರದೆಗೆ ಬರುವುದಿಲ್ಲ. ನಟರಿಗೆ ಭಾವ ಬರಲೆಂದು ಸೆಟ್ಟಿನಲ್ಲೇ ಪಿಟೀಲು ನುಡಿಸುವವರನ್ನು ಕೂರಿಸಿಕೊಳ್ಳುವುದೂ ಇತ್ತು.

ಇಷ್ಟು ಸ್ವಾತಂತ್ರ್ಯ ಇದ್ದ ಕಡೆಗೆ ಧ್ವನಿ ಬಂತು. ಬಂದದ್ದು ಹೇಗೆ ಎನ್ನುವಲ್ಲಿ ಒಂದು ತಪ್ಪು ತಿಳಿವಳಿಕೆ ಚಲಾವಣೆಯಲ್ಲಿದೆ. 1927ರ ಅಕ್ಟೋಬರ್ 6ರಂದು ವಾರ್ನರ್ ಬ್ರದರ್ಸ್‌ನ ‘ದಿ ಜಾಝ್ ಸಿಂಗರ್’ ತೆರೆಕಂಡಿತು, ಅದೇ ಮೊದಲ ಟಾಕಿ ಎನ್ನುತ್ತಾರೆ. ಆದರೆ ಅದನ್ನು ಕೂತು ನೋಡಿದರೆ ಬಹುಪಾಲು ಮೂಕಿಯೇ. ನಾಯಕ ನಟ ಅಲ್ ಜಾಲ್ಸನ್ ಹಾಡುವಾಗ ಹಾಡು ಕೇಳಿಸುತ್ತದೆ, ಹಾಡಿನ ಆಚೀಚೆ ಕೆಲವೇ ಮಾತು. ಉಳಿದ ಸಂಭಾಷಣೆಯೆಲ್ಲ ಬರಹದ ಫಲಕದಲ್ಲಿ. ಅದಕ್ಕೂ ಮೊದಲು, 1926ರ ಆಗಸ್ಟಿನಲ್ಲೇ ಅದೇ ಕಂಪನಿ ‘ಡಾನ್ ವಾನ್’ ಎಂಬ ಚಿತ್ರಕ್ಕೆ ಸಂಗೀತವನ್ನು ಮುದ್ರಿಸಿ ಜೋಡಿಸಿತ್ತು. ಜಾಝ್ ಸಿಂಗರ್‌ಗೆ ಎರಡು ವಾರ ಮುಂಚೆ, ಸೆಪ್ಟೆಂಬರ್ 23ರಂದು, ಫಾಕ್ಸ್ ಕಂಪನಿ ಮುರ್ನೌ ನಿರ್ದೇಶನದ ‘ಸನ್‌ರೈಸ್’ ಬಿಡುಗಡೆ ಮಾಡಿತು. ಅದೂ ಗಂಡಹೆಂಡಿರ ಪ್ರೀತಿಯ ಕಥೆ. ಅದರಲ್ಲಿ ಸಂಗೀತವಿದೆ, ಗಂಟೆಯ ಸದ್ದಿದೆ, ನಗರದ ಗದ್ದಲವಿದೆ. ಮಾತು ಮಾತ್ರ ಇಲ್ಲ. ಬಿರುಗಾಳಿಯಲ್ಲಿ ಹೆಂಡತಿಯನ್ನು ಕಳೆದುಕೊಂಡ ಗಂಡ ಕತ್ತಲೆಯ ಕೆರೆಯ ಮೇಲೆ ಅವಳನ್ನು ಕೂಗಿ ಕರೆಯುವಾಗ ಅವನ ಗಂಟಲಿನ ಬದಲು ಒಂದು ಕೊಂಬಿನ ವಾದ್ಯ ಕೂಗುತ್ತದೆ. ನನ್ನ ಮಟ್ಟಿಗೆ ಆ ಇಡೀ ಕಾಲದಲ್ಲಿ ಧ್ವನಿಯನ್ನು ಅಷ್ಟು ಜಾಣತನದಿಂದ ಬಳಸಿದ್ದು ಇನ್ನೊಂದಿಲ್ಲ.

ಅಂದರೆ ಒಂದೇ ಟಾಕಿ ಇರಲಿಲ್ಲ, ಹಲವು ಬಗೆಗಳಿದ್ದವು. ಸಂಗೀತ ಮತ್ತು ಸದ್ದು ಮಾತ್ರ ಮುದ್ರಿಸಿದ್ದು ಒಂದು ಬಗೆ. ನಡುನಡುವೆ ಮಾತಿನ ತುಣುಕು ಸೇರಿಸಿದ್ದು ಇನ್ನೊಂದು; ಲೋನ್ಸಮ್ ಈ ಜಾತಿಗೆ ಸೇರಿದ್ದು. ಮೊದಲಿನಿಂದ ಕಡೆಯವರೆಗೆ ಮಾತೇ ಮಾತಾಗಿರುವುದು ಮೂರನೆಯದು. ಅದು 1928ರ ಜುಲೈನಲ್ಲಿ ‘ಲೈಟ್ಸ್ ಆಫ್ ನ್ಯೂಯಾರ್ಕ್’ನಿಂದ ಶುರುವಾಯಿತು.

ಇನ್ನು ಧ್ವನಿ ಸಿನಿಮಾದೊಳಗೆ ಕೂರುವುದು ಹೇಗೆ? ಆಗ ಎರಡು ದಾರಿಗಳಿದ್ದವು. ವಾರ್ನರ್‌ನವರದು ಪ್ಲೇಟಿನ ದಾರಿ, ಹೆಸರು ವೈಟಾಫೋನ್. 16 ಇಂಚು ಅಗಲದ ಗ್ರಾಮಫೋನ್ ತಟ್ಟೆ, ನಿಮಿಷಕ್ಕೆ 33⅓ ಸುತ್ತು, ಒಂದು ರೀಲಿಗೆ ಒಂದು ತಟ್ಟೆ. ಮುಳ್ಳು ನಡುವಿನಿಂದ ಶುರುವಾಗಿ ಅಂಚಿನ ಕಡೆಗೆ ಸಾಗುತ್ತಿತ್ತು. ಪ್ರೊಜೆಕ್ಟರ್ ಮತ್ತು ತಟ್ಟೆಯನ್ನು ಒಂದೇ ಮೋಟರಿಗೆ ಬಿಗಿದಿದ್ದರು. ಸದ್ದೇನೋ ಚೆನ್ನಾಗಿ ಬರುತ್ತಿತ್ತು. ಆದರೆ ಫಿಲ್ಮು ಎಲ್ಲೋ ತುಂಡಾಗಿ ಆಪರೇಟರ್ ನಾಲ್ಕು ಫ್ರೇಮು ಕತ್ತರಿಸಿ ಅಂಟಿಸಿದನೆಂದರೆ, ಅಲ್ಲಿಂದ ಮುಂದೆ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಕಳೆದುಹೋದ ಜಾಗಕ್ಕೆ ಅಷ್ಟೇ ಉದ್ದದ ಕಪ್ಪು ಫಿಲ್ಮು ತುಂಬಬೇಕಾಗುತ್ತಿತ್ತು. ತಟ್ಟೆಯೋ, ಇಪ್ಪತ್ತು ಸಲ ನುಡಿಸುವಷ್ಟರಲ್ಲಿ ಸವೆಯುತ್ತಿತ್ತು.

ಫಾಕ್ಸ್‌ನವರದು ಫಿಲ್ಮಿನ ದಾರಿ, ಹೆಸರು ಮೂವಿಟೋನ್. ಕಡೆಗೆ ಗೆದ್ದದ್ದು ಈ ಜಾತಿಯ ವಿಧಾನವೇ. ಇದರ ಹೂರಣ ಅರ್ಥವಾಗಬೇಕಾದರೆ ಸೀರೆಯನ್ನು ನೆನೆಯಿರಿ. ಒಡಲಿನಲ್ಲಿ ಚಿತ್ರ, ಅಂಚಿನಲ್ಲಿ ಧ್ವನಿ. ಮೈಕಿಗೆ ಬಿದ್ದ ಸದ್ದು ವಿದ್ಯುತ್ತಾಗುತ್ತದೆ. ಆ ವಿದ್ಯುತ್ತು ಒಂದು ವಿಶೇಷ ದೀಪವನ್ನು ಸೆಕೆಂಡಿಗೆ ನೂರಾರು, ಸಾವಿರಾರು ಸಲ ಮಂಕು ಮಾಡಿ ಉಜ್ವಲ ಮಾಡುತ್ತದೆ. ಆ ಬೆಳಕು ಫಿಲ್ಮಿನ ಅಂಚಿನ ಮೇಲೆ ಬಿದ್ದು ಕಡು ಗೆರೆ, ತಿಳಿ ಗೆರೆಗಳ ಸಾಲಾಗಿ ಅಚ್ಚಾಗುತ್ತದೆ. ಥಿಯೇಟರಿನಲ್ಲಿ ಇದೇ ಕೆಲಸ ಹಿಂದುಮುಂದಾಗಿ ನಡೆಯುತ್ತದೆ. ಸಣ್ಣ ದೀಪವೊಂದರ ಬೆಳಕು ಆ ಗೆರೆಗಳ ಮೂಲಕ ಹಾದು ಫೋಟೋಸೆಲ್ ಮೇಲೆ ಬೀಳುತ್ತದೆ, ಬೆಳಕಿನ ಏರಿಳಿತ ಮತ್ತೆ ವಿದ್ಯುತ್ತಾಗುತ್ತದೆ. ಆ ವಿದ್ಯುತ್ತು ಇರುವೆಯ ಉಸಿರಿನಷ್ಟು. ಅದನ್ನು ಸಾವಿರ ಜನ ಕೂತ ಹಾಲಿಗೆ ಕೇಳಿಸುವಷ್ಟು ಹಿಗ್ಗಿಸಲು ವರ್ಧಕ ಬೇಕು. 1906ರಲ್ಲಿ ಲೀ ಡಿ ಫಾರೆಸ್ಟ್ ಮಾಡಿದ ಆಡಿಯಾನ್, ಅಂದರೆ ಸಣ್ಣ ವಿದ್ಯುತ್ತನ್ನು ಹಿಗ್ಗಿಸುವ ಗಾಜಿನ ಕೊಳವೆ, ಪಳಗಿ ಪಕ್ವವಾಗುವವರೆಗೆ ಟಾಕಿ ಕಾಯಬೇಕಾಯಿತು. ಚಿತ್ರಕ್ಕೆ ಧ್ವನಿ ಜೋಡಿಸುವ ಆಸೆ ಎಡಿಸನ್ ಕಾಲದ್ದು, ಕೇಳಿಸುವ ಶಕ್ತಿ ಬಂದದ್ದು ಮಾತ್ರ 1920ರ ದಶಕದಲ್ಲಿ.

ಈ ಅಂಚಿನಿಂದ ಮೂರು ಪರಿಣಾಮಗಳಾದವು, ಮೂರೂ ಪರದೆಯ ಮೇಲೆ ಕಂಡವು. ಅಂಚು ಬಂದ ಮೇಲೆ ಒಡಲು ಕಿರಿದಾಗಲೇಬೇಕು, ಹಾಗಾಗಿ ಆ ಕೆಲವು ವರ್ಷಗಳ ಚಿತ್ರಗಳ ಫ್ರೇಮು ಹೆಚ್ಚುಕಡಿಮೆ ಚೌಕಾಕಾರ. (1932ರಲ್ಲಿ ಫ್ರೇಮಿನ ಮೇಲೆ ಕೆಳಗೂ ಸ್ವಲ್ಪ ಕತ್ತರಿಸಿ ಹಳೆಯ ಆಕಾರವನ್ನು ಹೆಚ್ಚುಕಮ್ಮಿ ಮರಳಿ ತಂದರು.) ಎರಡನೆಯದು ವೇಗ. ಮೂಕಿಯ ಕಾಲದಲ್ಲಿ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು, ಥಿಯೇಟರಿನಲ್ಲೂ ಆಪರೇಟರನ ಮರ್ಜಿ. ವೇಗ ಸ್ವಲ್ಪ ಹೆಚ್ಚುಕಮ್ಮಿಯಾದರೆ ಕಣ್ಣು ಸಹಿಸಿಕೊಳ್ಳುತ್ತದೆ. ಕಿವಿ ಸಹಿಸುವುದಿಲ್ಲ. ರೆಕಾರ್ಡು ನಿಧಾನವಾದರೆ ಗಾಯಕಿಯ ದನಿ ಗಂಡಸಿನದಾಗುವುದನ್ನು ಕೇಳಿದವರಿಗೆ ಇದು ಗೊತ್ತು. ಸೆಕೆಂಡಿಗೆ 24 ಫ್ರೇಮು, ಅಂದರೆ ನಿಮಿಷಕ್ಕೆ 90 ಅಡಿ ಎಂದು ಕಟ್ಟುನಿಟ್ಟಾದದ್ದು ಆಗಲೇ. ನಾವು ಇಂದಿಗೂ ಸಿನಿಮಾ ಎಂದರೆ 24 ಫ್ರೇಮು ಎನ್ನುವುದು ಕಣ್ಣಿನ ಬೇಡಿಕೆಯಿಂದಲ್ಲ, ಕಿವಿಯ ಹಟದಿಂದ.

ಮೂರನೆಯದು ಸ್ವಲ್ಪ ಸೂಕ್ಷ್ಮ. ಹೊಲಿಗೆ ಯಂತ್ರದ ಸೂಜಿಯ ಕೆಳಗೆ ಬಟ್ಟೆ ನಿಂತು ನಿಂತು ಸಾಗುವಂತೆ ಪ್ರೊಜೆಕ್ಟರಿನ ಬೆಳಕಿನ ಮುಂದೆ ಫಿಲ್ಮು ಸಾಗುತ್ತದೆ: ಒಂದು ಫ್ರೇಮು ನಿಲ್ಲು, ಜಿಗಿ, ಮತ್ತೆ ನಿಲ್ಲು. ಧ್ವನಿಗೆ ಈ ಕುಪ್ಪಳಿಸುವಿಕೆ ಆಗದು, ಅದಕ್ಕೆ ಎಣ್ಣೆಯ ಧಾರೆಯಂಥ ಓಟ ಬೇಕು. ಆದ್ದರಿಂದ ಧ್ವನಿ ಓದುವ ಜಾಗವನ್ನು ಬೆಳಕಿನ ಜಾಗದಿಂದ ಸುಮಾರು 20 ಫ್ರೇಮು ದೂರ ಇಟ್ಟರು. ಹೀಗಾಗಿ ಫಿಲ್ಮಿನ ಮೇಲೆ ಒಂದು ಮುಖದ ಪಕ್ಕದಲ್ಲಿ ಅಚ್ಚಾಗಿರುವ ಸದ್ದು ಆ ಮುಖದ್ದಲ್ಲ. ಬಿಂಬವೂ ಧ್ವನಿಯೂ ಒಂದೇ ಪಟ್ಟಿಯಲ್ಲಿದ್ದಾಗ ಚಿತ್ರ ನೋಡಿ ಕತ್ತರಿಸಿದರೆ ಮಾತು ತುಂಡಾಗುತ್ತದೆ, ಮಾತು ನೋಡಿ ಕತ್ತರಿಸಿದರೆ ಚಿತ್ರ ಕೆಡುತ್ತದೆ. ಹಲವು ಧ್ವನಿಗಳನ್ನು ಬೇರೆ ಬೇರೆ ಮುದ್ರಿಸಿ ಆಮೇಲೆ ಬೆರೆಸುವ ಅನುಕೂಲವೂ ಆಗಿನ್ನೂ ಸರಿಯಾಗಿ ಕೈಗೆ ಬಂದಿರಲಿಲ್ಲ. ಮೂಕಿ ಸಂಕಲನಕಾರ ಕತ್ತರಿ ಹಿಡಿದ ರಾಜನಾಗಿದ್ದ, ಟಾಕಿಯ ಮೊದಲ ದಿನಗಳಲ್ಲಿ ಅವನ ಕೈ ಕಟ್ಟಿಹೋಯಿತು.

ಸೆಟ್ಟಿನಲ್ಲಿ ಇನ್ನೂ ಫಜೀತಿ. ಮೈಕು ತನ್ನ ಸುತ್ತಲಿನ ಎಲ್ಲ ಸದ್ದನ್ನೂ ಬಾಚಿಕೊಳ್ಳುತ್ತಿತ್ತು. ನಟ ಅದರಿಂದ ಎರಡು ಹೆಜ್ಜೆ ಸರಿದರೆ ದನಿ ಬಾವಿಗೆ ಬಿದ್ದಂತೆ. ಕ್ಯಾಮೆರಾದ ಗಿರಗಿರವನ್ನು ಮುಚ್ಚಲು ಕ್ಯಾಮೆರಾವನ್ನೂ ಕ್ಯಾಮೆರಾಮನ್‌ನನ್ನೂ ಸೇರಿಸಿ ಗಾಜಿನ ಕಿಟಕಿಯ ಪೆಟ್ಟಿಗೆಯೊಂದರಲ್ಲಿ ಕೂಡಿಹಾಕಿದರು. ಗಾಳಿಯಿಲ್ಲದ ಆ ಗೂಡಿನಿಂದ ಶಾಟು ಮುಗಿಸಿ ಹೊರಬಂದವರು ಬೆವರಿನಲ್ಲಿ ತೊಯ್ದಿರುತ್ತಿದ್ದರು. ಗುಂಯ್‌ಗುಡುವ ಆರ್ಕ್ ದೀಪಗಳ ಬದಲು ಸದ್ದಿಲ್ಲದ ಬಲ್ಬು ದೀಪಗಳು ಬಂದವು.

ಈಗ ಮತ್ತೆ ಕಡಲ ತೀರಕ್ಕೆ ಬನ್ನಿ. ಆ ಜನರೆಲ್ಲ ಎಲ್ಲಿಗೆ ಹೋದರು ಎಂಬ ಒಗಟು ಬಿಡಿಸಿಕೊಂಡಿರಬೇಕು. ಜನರಿದ್ದರೆ ಗಲಾಟೆ, ನಿಜವಾದ ಅಲೆಗಳಿದ್ದರೆ ಇನ್ನೂ ಗಲಾಟೆ. ಮಾತು ಬೇಕೆಂದರೆ ಕಡಲೂ ಬೇಡ, ಜನವೂ ಬೇಡ. ಮುಚ್ಚಿದ ಸ್ಟುಡಿಯೋ, ಎಲ್ಲೋ ಬಚ್ಚಿಟ್ಟ ಮೈಕು, ಅದರ ಅಳತೆಯೊಳಗೆ ಅಲುಗಾಡದೆ ಕೂತ ಇಬ್ಬರು, ನಿಂತ ಕ್ಯಾಮೆರಾ. ಇಂಥ ಮಾತಿನ ದೃಶ್ಯಗಳು ಚಿತ್ರದಲ್ಲಿ ಮೂರು ಇವೆ. ಮೂರನೆಯದರಲ್ಲಿ ಜಿಮ್ ಪೊಲೀಸರ ಮುಂದೆ ವಾದಕ್ಕೆ ನಿಲ್ಲುತ್ತಾನೆ. ಮೂರನ್ನೂ ಸೇರಿಸಿದರೆ ಕೆಲವೇ ನಿಮಿಷ. ಮೂಕಿಯಾಗಿ ತಯಾರಾದ ಚಿತ್ರಕ್ಕೆ ಇವನ್ನು ಹೊಲಿದು ಸೇರಿಸಿದ್ದು. ಮೇರಿಯಾಗಿ ನಟಿಸಿದ ಬಾರ್ಬರಾ ಕೆಂಟ್ ಮತ್ತು ಜಿಮ್ ಆದ ಗ್ಲೆನ್ ಟ್ರಯನ್ ಮಾತಿಲ್ಲದಾಗ ಎಷ್ಟು ಸಹಜವಾಗಿ ಓಡಾಡುತ್ತಾರೋ ಮಾತು ಬಂದೊಡನೆ ಅಷ್ಟೇ ಮರಗಟ್ಟುತ್ತಾರೆ. ತಪ್ಪು ಅವರದಲ್ಲ. ಕಣ್ಣಿನಲ್ಲಿ ಆಗಲೇ ಹೇಳಿ ಮುಗಿಸಿದ್ದನ್ನು ಬಾಯಲ್ಲಿ ಇನ್ನೊಮ್ಮೆ ಹೇಳಿ ಎಂದರೆ ಯಾರಾದರೂ ಪೆಚ್ಚಾಗುತ್ತಾರೆ.

ಅಂದಮೇಲೆ ಹೊಲಿದದ್ದೇಕೆ? ವ್ಯಾಪಾರ. ಜಾಝ್ ಸಿಂಗರ್ ಗೆದ್ದ ಮೇಲೆ ಜನ ‘ಇದರಲ್ಲಿ ಮಾತಿದೆಯೇ?’ ಎಂದು ಕೇಳಿ ಟಿಕೆಟ್ ಕೊಳ್ಳತೊಡಗಿದರು. ಸ್ಟುಡಿಯೋಗಳ ಗೋದಾಮಿನಲ್ಲಿ ಮುಗಿದ, ಮುಗಿಯುತ್ತಿದ್ದ ಮೂಕಿಗಳ ರಾಶಿ. ಅವಕ್ಕೆ ಒಂದಿಷ್ಟು ಮಾತು ಸೇರಿಸಿ ‘ಇದೂ ಟಾಕಿ’ ಎಂದು ಪೋಸ್ಟರ್ ಹಾಕಿದರು. ಇಂಥವಕ್ಕೆ ಹಾಲಿವುಡ್ಡಿನವರೇ ಇಟ್ಟ ಅಡ್ಡಹೆಸರು ಕೇಳಬೇಕು: ಮೇಕೆ ಗ್ರಂಥಿ ಚಿತ್ರಗಳು! ಆ ಕಾಲದ ಅಮೆರಿಕದಲ್ಲಿ ಬ್ರಿಂಕ್ಲಿ ಎಂಬೊಬ್ಬ ಗಂಡಸರಿಗೆ ಯೌವನ ಮರಳಿಸುತ್ತೇನೆಂದು ಹೋತದ ವೃಷಣದ ತುಣುಕನ್ನು ಕಸಿ ಮಾಡಿ ದುಡ್ಡು ಬಾಚುತ್ತಿದ್ದ. ಮುದಿ ಮೂಕಿಗೆ ಮಾತಿನ ಕಸಿ ಎಂದು ಗೇಲಿ. ಲೋನ್ಸಮ್‌ಗೂ ಈ ಗೇಲಿ ಸಲ್ಲುತ್ತದೆ, ಆದರೆ ಈ ಮೈ ಮುದಿಯಾಗಿರಲಿಲ್ಲ ಎನ್ನುವುದೇ ಸಂಕಟ.

ಧ್ವನಿಯಂತ್ರ ಇಲ್ಲದ ಥಿಯೇಟರುಗಳಿಗಾಗಿ ಇದರ ಶುದ್ಧ ಮೂಕಿ ಆವೃತ್ತಿಯೂ ಇತ್ತು. ಅಂಥ ಕಡೆ ಪರದೆಯ ಮುಂದೆ ಕೂತ ವಾದ್ಯಗಾರರೇ ಚಿತ್ರದ ಧ್ವನಿ. ಮುಂದಿನ ಎರಡು ವರ್ಷಗಳಲ್ಲಿ ಥಿಯೇಟರುಗಳಿಗೆ ಧ್ವನಿಯಂತ್ರದ ತಂತಿ ಎಳೆದಂತೆಲ್ಲ ಆ ವಾದ್ಯಗಾರರ ಅನ್ನಕ್ಕೆ ಕಲ್ಲು ಬಿತ್ತು. ಅಮೆರಿಕದ ಸಂಗೀತಗಾರರ ಸಂಘ ಡಬ್ಬಿಯ ಸಂಗೀತ ಬೇಡವೆಂದು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ಚಳವಳಿಯನ್ನೇ ಹೂಡಿತು. ಸೋತಿತು.

ಮೂಕಿಗೆ ಇನ್ನೊಂದು ವರವಿತ್ತು, ಭಾಷೆಯ ಗಡಿ ಇರಲಿಲ್ಲ. ಬರಹದ ಫಲಕ ಬದಲಿಸಿದರೆ ಸಾಕು, ನ್ಯೂಯಾರ್ಕಿನ ಹುಡುಗಿ ಪ್ಯಾರಿಸ್ಸಿನವರಿಗೂ ಬೊಂಬಾಯಿಯವರಿಗೂ ನಮ್ಮವಳೇ. ಮಾತು ಬಂದೊಡನೆ ಚಿತ್ರಕ್ಕೊಂದು ಊರು ಬಂತು. ಹಾಲಿವುಡ್ ಕಂಡುಕೊಂಡ ಉಪಾಯ, ಅದೇ ಕಥೆಯನ್ನು ಅದೇ ಸೆಟ್ಟಿನಲ್ಲಿ ಬೇರೆ ನಟರನ್ನಿಟ್ಟು ಬೇರೆ ಭಾಷೆಯಲ್ಲಿ ಮತ್ತೆ ತೆಗೆಯುವುದು. ಫೆಯೋಶ್ ಕೂಡ ಒಂದು ಜೈಲಿನ ಕಥೆಯನ್ನು ಎಂಜಿಎಂ ಕಂಪನಿಗಾಗಿ ಫ್ರೆಂಚಿನಲ್ಲೂ ಜರ್ಮನ್ನಿನಲ್ಲೂ ಹೀಗೆ ತೆಗೆದ.

ಇದೇ ಬದಲಾವಣೆ ನಮ್ಮ ಕಡೆಗೆ ಬೇರೆ ಫಲ ಕೊಟ್ಟಿತು. 1931ರ ಮಾರ್ಚ್ 14ರಂದು ಬೊಂಬಾಯಿಯಲ್ಲಿ ಭಾರತದ ಮೊದಲ ಟಾಕಿ ‘ಆಲಂ ಆರಾ’ ಬಂತು. ಸ್ಟುಡಿಯೋದ ಪಕ್ಕದಲ್ಲೇ ರೈಲು ಹಳಿ ಇದ್ದದ್ದರಿಂದ ಅದರ ನಿರ್ದೇಶಕ ಅರ್ದೇಶಿರ್ ಇರಾನಿ ರೈಲಿನ ಸದ್ದು ಅಡಗುವ ರಾತ್ರಿ ಹೊತ್ತನ್ನು ನೋಡಿ ಚಿತ್ರೀಕರಿಸಬೇಕಾಯಿತು. ಕೋನಿ ಐಲ್ಯಾಂಡಿನ ಜನರನ್ನು ಓಡಿಸಿದ ಅದೇ ಮೈಕು! 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ‘ಸತಿ ಸುಲೋಚನ’ ತೆರೆಕಂಡು ಕನ್ನಡ ಚಿತ್ರ ಎಂಬುದೊಂದು ಹುಟ್ಟಿತು. ಮೂಕಿಗೆ ಕನ್ನಡ ಮೂಕಿ, ತಮಿಳು ಮೂಕಿ ಎಂಬ ಭೇದವೇ ಇರಲಿಲ್ಲ. ಆ ಚಿತ್ರ ತಯಾರಿಸಿದ ಸಂಸ್ಥೆಯ ಹೆಸರು ಸೌತ್ ಇಂಡಿಯಾ ಮೂವಿಟೋನ್. ರಂಜಿತ್ ಮೂವಿಟೋನ್, ಸಾಗರ್ ಮೂವಿಟೋನ್, ವಾಡಿಯಾ ಮೂವಿಟೋನ್ ಎಂದು ಬೊಂಬಾಯಿಯಲ್ಲೂ ಆ ಹೆಸರಿನ ಸಾಲೇ ಇತ್ತು. ಫಾಕ್ಸ್‌ನವರ ಒಂದು ಯಂತ್ರದ ಹೆಸರು ಧ್ವನಿ ಎಂಬುದಕ್ಕೇ ಪರ್ಯಾಯ ಪದವಾಗಿ ನಮ್ಮಲ್ಲಿ ಬೋರ್ಡಿಗೇರಿತು. ಟಾಕಿಯೂ ಹಾಗೆಯೇ, ಟೆಂಟಿನ ಟೂರಿಂಗ್ ಟಾಕೀಸಾಗಿ ಊರೂರು ತಿರುಗಿತು.

ಈಗ ಆ ಗೋಡೆ.

ಕೋಣೆಗೆ ಮರಳಿದ ಜಿಮ್ ಗ್ರಾಮಫೋನಿಗೆ ಒಂದು ರೆಕಾರ್ಡು ಹಾಕುತ್ತಾನೆ. ಅರ್ವಿಂಗ್ ಬರ್ಲಿನ್ ರಚಿಸಿದ ‘ಆಲ್‌ವೇಸ್’, 1925ರ ಜನಪ್ರಿಯ ಹಾಡು. ಸಂಜೆ ಇಬ್ಬರೂ ಜೊತೆಗೆ ಕುಣಿದದ್ದು ಅದೇ ಹಾಡಿಗೆ. ಗೋಡೆಯಾಚೆ ಮೇರಿ ಅಳುತ್ತ ಬಿದ್ದಿದ್ದಾಳೆ. ಹಾಡು ಅವಳಿಗೆ ಕೇಳಿಸುತ್ತದೆ. ಗಾಯದ ಮೇಲೆ ಉಪ್ಪು ಸುರಿದಂತಾಗಿ, ತಡೆಯಲಾರದೆ, ನಿಲ್ಲಿಸಿ ಎಂದು ಗೋಡೆ ಬಡಿಯುತ್ತಾಳೆ. ಯಾರಪ್ಪ ಇದು ಎಂದು ಅವನು ನೋಡಲು ಬರುತ್ತಾನೆ.

ಗಮನಿಸಿ, ಇಡೀ ಕಥೆಯ ಗಂಟು ಬಿಚ್ಚುವುದು ಒಂದು ಸದ್ದಿನಿಂದ. ಕಣ್ಣಿಗೆ ಕಾಣದ್ದನ್ನು ಕಿವಿ ಹುಡುಕಿ ಕೊಡುತ್ತದೆ. ಮೂಕಿ ಆವೃತ್ತಿಯಲ್ಲೂ ಇದು ನಡೆಯುತ್ತದೆ, ಆದರೆ ಅಲ್ಲಿ ತಿರುಗುವ ರೆಕಾರ್ಡನ್ನು ನೋಡಿ ನಾವು ಹಾಡನ್ನು ಊಹಿಸಿಕೊಳ್ಳಬೇಕು, ಇಲ್ಲವೇ ಥಿಯೇಟರಿನ ವಾದ್ಯಗಾರರು ಆ ಗಳಿಗೆಯಲ್ಲಿ ಆ ಧಾಟಿಯನ್ನೇ ಎತ್ತಿಕೊಳ್ಳಬೇಕು. ಧ್ವನಿ ಆವೃತ್ತಿಯಲ್ಲಿ ಹಾಡು ನಿಜವಾಗಿ ಹೊಮ್ಮುತ್ತದೆ, ಅವಳ ಕಿವಿಗೆ ಬಿದ್ದದ್ದು ನಮ್ಮ ಕಿವಿಗೂ ಬೀಳುತ್ತದೆ. ಸಂಭಾಷಣೆ ಬರೆದು ಸೇರಿಸಿದ ಮೂರು ದೃಶ್ಯಗಳಲ್ಲಿ ಧ್ವನಿ ಕಥೆಗೆ ಏನನ್ನೂ ಕೊಡುವುದಿಲ್ಲ. ಯಾರೂ ಮಾತಾಡದ ಈ ದೃಶ್ಯದಲ್ಲಿ ಕಥೆ ಧ್ವನಿಗಾಗಿಯೇ ಕಾದು ಕೂತಿತ್ತು. ಧ್ವನಿ ಎಂದರೆ ಮಾತು ಎಂದು ಸ್ಟುಡಿಯೋ ತಿಳಿದಿತ್ತು. ಸನ್‌ರೈಸ್‌ನ ಆ ಕೊಂಬಿನ ಕೂಗು, ಈ ಗೋಡೆಯಾಚೆಯ ರೆಕಾರ್ಡು, ಎರಡೂ ಬೇರೆ ಮಾತು ಹೇಳುತ್ತವೆ.

ಫೆಯೋಶ್‌ಗೂ ಇದು ಹೊಳೆದಿರಬೇಕು ಎಂದು ಅವನು ಮುಂದೆ ಮಾಡಿದ ಕೆಲಸದಿಂದ ನನಗನ್ನಿಸುತ್ತದೆ. ಮನುಷ್ಯನೇ ವಿಚಿತ್ರ. 1897ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿ, ವೈದ್ಯಕೀಯ ಓದಿ, ಅಮೆರಿಕಕ್ಕೆ ಬಂದು ನ್ಯೂಯಾರ್ಕ್‌ನ ರಾಕ್‌ಫೆಲರ್ ಸಂಸ್ಥೆಯ ಪ್ರಯೋಗಾಲಯದಲ್ಲಿ ದುಡಿದು, ಆಮೇಲೆ ಹಾಲಿವುಡ್ ಹಾದಿ ಹಿಡಿದವನು. ಲೋನ್ಸಮ್ ಆದ ಮರುವರ್ಷ, 1929ರಲ್ಲಿ, ‘ಬ್ರಾಡ್‌ವೇ’ ಎಂಬ ಪೂರ್ತಿ ಟಾಕಿ ಮಾಡಬೇಕಾಗಿ ಬಂದಾಗ ಛಾಯಾಗ್ರಾಹಕ ಹಾಲ್ ಮೋರ್ ಜೊತೆ ಸೇರಿ ದೈತ್ಯಾಕಾರದ ಕ್ರೇನೊಂದನ್ನು ಕಟ್ಟಿಸಿದ. ಗೂಡಿನಲ್ಲಿ ಕೂಡಿಹಾಕಿದ್ದ ಕ್ಯಾಮೆರಾ ಅದರ ಮೇಲೇರಿ ಸೆಟ್ಟಿನ ತುಂಬ ಹಾರಾಡಿತು. ಆದರೂ ಅವನಿಗೆ ಹಾಲಿವುಡ್ ಹಿಡಿಸಲಿಲ್ಲ, ಯೂರೋಪಿಗೆ ಮರಳಿದ. 1932ರಲ್ಲಿ, ಎಲ್ಲರೂ ಮಾತಾಡುತ್ತಿದ್ದ ಕಾಲದಲ್ಲಿ, ತನ್ನ ಹಂಗೇರಿಯಲ್ಲಿ ‘ಮೇರಿ’ ಎಂಬ ಹೆಸರಿನ ಹುಡುಗಿಯ ಕಥೆ ತೆಗೆದ. ಮೋಸಹೋದ ಮನೆಗೆಲಸದ ಹುಡುಗಿ, ಕೈಯಲ್ಲಿ ಕೂಸು. ಚಿತ್ರಕ್ಕೆ ಧ್ವನಿಯಿದೆ, ಸಂಗೀತವಿದೆ, ಮಾತು ಮಾತ್ರ ಬೆರಳೆಣಿಕೆಯಷ್ಟು.

ಆಮೇಲೆ ಕಥಾಚಿತ್ರಗಳನ್ನೇ ಕೈಬಿಟ್ಟ. ಮಡಗಾಸ್ಕರ್‌ಗೆ ಹೋಗಿ ಅಲ್ಲಿನ ಜನಜೀವನವನ್ನು ಚಿತ್ರೀಕರಿಸಿದ, ಮಾನವಶಾಸ್ತ್ರಕ್ಕೆ ಮಾರುಹೋದ. 1941ರಿಂದ ನ್ಯೂಯಾರ್ಕ್‌ನಲ್ಲಿ ವೈಕಿಂಗ್ ಫಂಡ್ ಎಂಬ ಸಂಸ್ಥೆಯನ್ನು ನಡೆಸಿದ; ಇಂದು ವೆನ್ನರ್-ಗ್ರೆನ್ ಪ್ರತಿಷ್ಠಾನ ಎಂಬ ಹೆಸರಿನಲ್ಲಿ ಮಾನವಶಾಸ್ತ್ರದ ಸಂಶೋಧಕರಿಗೆ ನೆರವು ಕೊಡುತ್ತಿರುವುದು ಅದೇ. 1963ರಲ್ಲಿ ಅವನು ತೀರಿಕೊಂಡಾಗ ಮಾನವಶಾಸ್ತ್ರಜ್ಞರು ದೊಡ್ಡವರೊಬ್ಬರನ್ನು ಕಳೆದುಕೊಂಡೆವು ಎಂದುಕೊಂಡರು. ಸಿನಿಮಾದವರು ಅವನನ್ನು ಬಹುಮಟ್ಟಿಗೆ ಮರೆತಿದ್ದರು.

ಲೋನ್ಸಮ್ ಉಳಿದದ್ದು ಪ್ಯಾರಿಸ್ಸಿನ ಸಿನಿಮಾ ಭಂಡಾರದಲ್ಲಿ ಸಿಕ್ಕ ಪ್ರಿಂಟಿನಿಂದ. ಅಮೆರಿಕದ ರಾಚೆಸ್ಟರ್‌ನ ಜಾರ್ಜ್ ಈಸ್ಟ್‌ಮನ್ ಸಂಗ್ರಹಾಲಯದವರು ಅದನ್ನು ತೊಳೆದು ಬೆಳಗಿಸಿದರು. 2010ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಅದು ಸೇರಿದಾಗ ಬಾರ್ಬರಾ ಕೆಂಟ್ ಇನ್ನೂ ಬದುಕಿದ್ದರು, ವಯಸ್ಸು ನೂರು ದಾಟಿತ್ತು. ಮರುವರ್ಷ ತೀರಿಕೊಂಡರು. ಮಾತಿನ ದೃಶ್ಯಗಳನ್ನು ಪುನರುದ್ಧಾರ ಮಾಡಿದವರು ಕತ್ತರಿಸಿ ಎಸೆಯಲಿಲ್ಲ. ಇಂದಿಗೂ ಆ ಜಾಗ ಬಂದೊಡನೆ ಜನಸಾಗರ ಮಾಯವಾಗುತ್ತದೆ, ಇಬ್ಬರು ಮರಗಟ್ಟಿ ಕೂತು ತಮ್ಮ ಪಾಠ ಒಪ್ಪಿಸುತ್ತಾರೆ.